ಭಾಮೈದನ ಕೋಟಿ ಮಕ್ಕಳಿಗೆ ನಾನು ಬೆಲ್ಲ ತಿನ್ನಿಸಿದ್ದು

ನನ್ನ ಭಾಮೈದನಿಗೆ ಎಷ್ಟು ಮಕ್ಕಳು ಎಂದು ಮಾತ್ರ ಕೇಳಬೇಡಿ. ಮನೆಯಲ್ಲಿ ಒಬ್ಬಳೇ ಮಗಳು. ಕೆಲಸದ ಜಾಗದಲ್ಲಿ ಕೋಟ್ಯಂತರ! ದೇವನಹಳ್ಳಿ ಹತ್ತಿರದ ಅಪಾರ್ಟ್‌ಮೆಂಟೊಂದರಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ ಅವನ ಸುಪರ್ದಿನಲ್ಲಿದೆ. ತೊಟ್ಟಿಯೊಳಗೆ ಕೊಳೆ ತಿಂದು ಬದುಕುವ, ಕಣ್ಣಿಗೆ ಕಾಣದ ಜೀವಿಗಳೇ ಆ ಮಕ್ಕಳು. ನಾನು ಅಲ್ಲಿನ ತೋಟದ ಮಾಲಿ. ಕೆಲಸ ಕೊಡಿಸಿದವನೂ ಅವನೇ.

ದಿನಾ ಬೆಳಿಗ್ಗೆ ತೊಟ್ಟಿಯ ನೀರನ್ನು ಗಾಜಿನ ಜಾಡಿಗೆ ತುಂಬಿ, ಅರ್ಧ ಗಂಟೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಬಗ್ಗಡ ತಳಕ್ಕಿಳಿದು ಮೇಲೆ ತಿಳಿನೀರು ನಿಂತರೆ ಅವನ ಮುಖವೂ ತಿಳಿ! ನಾನು ಕೆಮ್ಮಿದರೂ ಗದರುತ್ತಿದ್ದ: “ಸುಮ್ನಿರಿ ಭಾವ, ಮಲಗ್ತಾ ಅವೆ!”

“ಹುಳಕ್ಕೆ ಜೋಗುಳ ಹಾಡೋನ್ನ ನಿನ್ನೊಬ್ಬನ್ನೇ ಕಣೋ ನೋಡಿದ್ದು!”

“ಅವು ಮೈಯಿಂದ ಅಂಟು ಬಿಡ್ತವೆ ಭಾವ. ಆ ಅಂಟಲ್ಲೇ ಒಂದನ್ನೊಂದು ತಬ್ಕೊಂಡು ಉಂಡೆಯಾಗಿ ಕೆಳಕ್ಕೆ ಕೂತ್ಕೊಳ್ತವೆ. ಅಂಟು ಕಮ್ಮಿಯಾದ್ರೆ ಚೆದುರ್ತವೆ. ಜಾಸ್ತಿಯಾದ್ರೆ ನೀರು ಹೀರಿ ಊದ್ಕೊಂಡು ತೇಲ್ತವೆ.”

ಒಮ್ಮೆ ಹರಕೆ ತೀರಿಸಲು ಎರಡು ದಿನ ಘಾಟಿ ದೇವಸ್ಥಾನಕ್ಕೆ ಹೊರಟ. ರಜೆಗೆ ಅಪಾರ್ಟ್‌ಮೆಂಟಿನವರೆಲ್ಲ ಊರಿಗೆ ಹೋಗಿ ಕೊಳಚೆ ಕಮ್ಮಿ ಬರುತ್ತಿತ್ತು. “ಒಂದು ಹಿಡಿ ಬೆಲ್ಲ ಕದಡಿ ಹಾಕಿ ಭಾವ, ಹಸ್ಕೊಂಡಿರ್ತವೆ” ಎಂದು ಹೇಳಿ ಹೋದ.

ಒಂದು ಹಿಡಿ! ಕೋಟಿ ಮಕ್ಕಳಿಗೆ! ಮನೆಗೆ ಬಂದ ನೆಂಟರಿಗೆ ಹೀಗೆ ಬಡಿಸಿದರೆ ಮಾನ ಉಳಿಯುತ್ತದೆಯೇ? ಅವುಗಳಿಗೆಂದೇ ಅವನು ಮೂಲೆಯಲ್ಲಿಟ್ಟಿದ್ದ ಬೆಲ್ಲದ ಮೂಟೆಯನ್ನು ಪೂರ್ತಿ ಕರಗಿಸಿ ಸುರಿದೆ.

ಅವನು ಬರುವಷ್ಟರಲ್ಲಿ ಮಕ್ಕಳು ಹೊಟ್ಟೆಬಿರಿಯೆ ತಿಂದು, ಲೋಳೆ ಕಕ್ಕಿ ಕಕ್ಕಿ, ಅಂಬಲಿಯಂತೆ ಉಬ್ಬಿದ್ದವು. ತೊಟ್ಟಿಯ ತುಂಬ ನೊರೆ! ಕೂರಲೊಲ್ಲದ ಬಗ್ಗಡ, ಶುದ್ಧವಾದ ನೀರು ಹರಿಯಬೇಕಿದ್ದ ತೋಟದ ಪೈಪಿಗೇ ನುಗ್ಗಿ, ನಿವಾಸಿಗಳ ಸಂಘದ ಕಾರ್ಯದರ್ಶಿಯವರ ಬಿಳಿ ಪ್ಯಾಂಟಿಗೆ ಅಭಿಷೇಕವಾಯಿತು.

“ಯಾರ್ರೀ ಇದು ಮಾಡಿದ್ದು? ಅವರು ಇವತ್ತೇ ಮನೆಗೆ!”

ನಾನು ಪೈಪು ಹಿಡಿದು ದಾಸವಾಳದ ಮೊಗ್ಗು ಎಣಿಸುತ್ತಾ ನಿಂತೆ. ಎಂಥ ಹೇಡಿ ನಾನು!

“ನಂದೇ ತಪ್ಪು ಸಾರ್, ಅಳತೆ ಕೆಟ್ಟೋಯ್ತು” ಎಂದ ಭಾಮೈದ.

ವಾರದೊಳಗೆ ಸರಿಯಾಗದಿದ್ದರೆ ಅವನ ಕೆಲಸ ಹೋದಂತೆಯೇ ಎಂದರು ಕಾರ್ಯದರ್ಶಿ. ಅವನು ನೊರೆ ಬಾಚಿದ, ಹೆಚ್ಚಾದ ಬಗ್ಗಡ ಹೊರಹಾಕಿದ, ಊಟವನ್ನೂ ಮರೆತ. ಆರನೆಯ ದಿನ ನೀರು ತಿಳಿಯಾಯಿತು. ಅಂದು ಇಬ್ಬರೂ ಊಟದ ಡಬ್ಬಿ ಬಿಚ್ಚಿ ಕೂತಾಗ ನಾನೇ ಬಾಯಿಬಿಟ್ಟೆ.

“ಲೇ, ಮೂಟೆ ಪೂರ್ತಿ ಸುರಿದೋನು ನಾನು ಕಣೋ.”

“ಗೊತ್ತು ಭಾವ. ನಿಮ್ಮ ಪಂಚೆಗೆ ಇರುವೆ ಮುತ್ಕೊಂಡಿದ್ವು.”

“ಮತ್ಯಾಕೋ ಹೇಳ್ಲಿಲ್ಲ?”

“ನಂಗೆ ಇನ್ನೊಂದು ತೊಟ್ಟಿ ಸಿಗ್ತದೆ. ಈ ವಯಸ್ನಲ್ಲಿ ನಿಮ್ಗೆ ಇನ್ನೊಂದು ತೋಟ ಯಾರು ಕೊಡ್ತಾರೆ?”

ಭಾಮೈದನ ಎಂಜಲು ಡಬ್ಬಿಯನ್ನು ಭಾವನಾದವನು ಮುಟ್ಟುವ ಪದ್ಧತಿ ನಮ್ಮ ಕಡೆ ಇಲ್ಲ. “ಬೇಡ ಭಾವ, ಬೇಡ!” ಎಂದು ಅವನು ಎದ್ದು ಬಂದರೂ ಬಿಡದೆ, ನಲ್ಲಿಯ ಕೆಳಗೆ ಕೂತು ತಿಕ್ಕಿ ತಿಕ್ಕಿ ತೊಳೆದೆ.