ಪಿಂಗಾಣಿ ಪರೀಕ್ಷೆಯೂ ನನ್ನ ಪಿತ್ತವೂ

ಚೀನಾದ ನೀಲಿ-ಬಿಳಿ ಪಿಂಗಾಣಿ ಅಸಲಿಯೋ ನಕಲಿಯೋ ಹೇಳಲು ಬರುತ್ತದೆ ಎಂದು ಹೊಸಪೇಟೆಯಲ್ಲಿ ಯಾರ ಮುಂದೂ ಬಾಯಿಬಿಡಬೇಡಿ. ನಾನು ಬಿಟ್ಟೆ, ಅಂದಿನಿಂದ ನನ್ನ ಭಾನುವಾರಗಳು ನನ್ನವಲ್ಲ. ಹಂಪಿಯಲ್ಲಿ ನೆಲ ಅಗೆದಾಗ ಸಿಗುತ್ತಿದ್ದ ಪಿಂಗಾಣಿ ಚೂರುಗಳನ್ನು ತೊಳೆದು ವಿಂಗಡಿಸುವುದು ನನ್ನ ಕೆಲಸವಾಗಿತ್ತು. ವಿಜಯನಗರದ ಸಿರಿವಂತರಿಗೆ ಹಡಗಿನಲ್ಲಿ ಬಂದ ಮಾಲು ಅದು. ಈಗ ನಿವೃತ್ತಿ. ಆದರೂ ಜನ ತಟ್ಟೆ ಸುತ್ತಿಕೊಂಡು ಬರುತ್ತಾರೆ, ಬೇಕಾದ ಉತ್ತರವನ್ನೂ ಜೊತೆಗೇ ತರುತ್ತಾರೆ. ‘ಅಲ್ಲ’ ಎಂದರೆ ನನ್ನ ಕಣ್ಣೇ ಸರಿಯಿಲ್ಲ. ಪಿತ್ತ ನೆತ್ತಿಗೇರದೆ ಇನ್ನೇನಾದೀತು?

ಹಂಪಿಯ ತಟ್ಟೆ

ಪ್ರವಾಸಿಗರಿಗೆ ಹಳೇ ಸಾಮಾನು ಎಂದು ಏನೇನೋ ಮಾರುವ ಅಂಗಡಿಯವನೊಬ್ಬ ತಟ್ಟೆ ತಂದ. ಮೈತುಂಬ ಕಂದು ಕಲೆ. ಒದ್ದೆ ಬೆರಳಿನಿಂದ ಉಜ್ಜಿದೆ, ಕಲೆ ಬೆರಳಿಗೆ ಬಂತು. ಮೂಸಿದರೆ ಸಗಣಿ.

“ಎಲ್ಲಿ ಸಿಕ್ತು?”

“ನೆಲದಾಗ್ರಿ ಮೇಡಂ. ದೇವರಾಣಿ, ನಾನ ಅಗದು ತೆಗದೀನಿ.”

“ಹೂತವರ್ಯಾರು?”

“ಅದೂ ನಾನರಿ. ನಮ್ಮ ತಿಪ್ಪ್ಯಾಗ.”

ನಾನು ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ. ಮೊನ್ನೆ ಮೊನ್ನೆ ಯಂತ್ರದಲ್ಲಿ ಅಚ್ಚು ಒತ್ತಿದ ಮಾಲು ಇದು ಎಂದೆ. ಅವನು ಬೇಸರವೇ ಇಲ್ಲದೆ ತಟ್ಟೆ ಸುತ್ತಿಕೊಂಡ.

“ಇನ್ನೂ ಹಳೇದಾಗಿಲ್ಲ ಅಂತೀರಿ. ಇರ್ಲಿ ಬಿಡ್ರಿ, ಇನ್ನೊಂದು ವಾರ ಹೂಳ್ತೀನಿ.”

ಸಂಡೂರಿನ ಬೋಗುಣಿ

ಸಂಡೂರಿನ ಅದಿರು ಲಾರಿಗಳ ಮಾಲೀಕರೊಬ್ಬರು ತಮ್ಮ ಅಜ್ಜಿಯ ಬೋಗುಣಿಯ ಫೋಟೊ ಕಳಿಸಿದರು. ನೋಡಿದರೆ ಅಸಲಿಯ ಹಾಗೇ ಇತ್ತು. ಹಳೇ ಪಿಂಗಾಣಿಗೆ ಬುಡವೇ ಸಾಕ್ಷಿ: ಅದರ ಅಂಚಿಗೆ ಹೊಳಪಿನ ಲೇಪ ಇರುವುದಿಲ್ಲ, ಸುಟ್ಟ ಭಟ್ಟಿಯ ಮರಳು ಒಂದಿಷ್ಟು ಅಂಟಿರುತ್ತದೆ. “ಇದ್ದಂಗ ಇರ್ಲಿ, ಕೈ ಹಚ್ಚಬ್ಯಾಡ್ರಿ” ಎಂದು ಫೋನಿನಲ್ಲಿ ಹೇಳಿ ಮರುದಿನವೇ ಬಸ್ಸು ಹತ್ತಿದೆ.

ಬುಡ ತಿರುವಿದರೆ ಕನ್ನಡಿ.

“ಭಾಳ ಒರಟು ಇತ್ರಿ ಮೇಡಂ. ನೀವು ಬರ್ತೀರಿ ಅಂತ ಗ್ರಾನೈಟ್ ಪಾಲಿಶ್ ಮಾಡೋರ ಕಡೆ ತಿಕ್ಕಿಸೀನಿ. ಹೆಂಗೈತಿ? ಮುಖ ಕಾಣ್ತತಿ ನೋಡ್ರಿ.”

ಕಂಡಿತು. ಕೆಂಡದಂತಿತ್ತು.

ಮೆಟ್ರಿಯ ಬಟ್ಟಲು

ಮೆಟ್ರಿ ಎಂಬ ಹಳ್ಳಿಯಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಆಳೆತ್ತರದ ಹೂದಾನಿ ತೋರಿಸಲು ಕರೆಸಿದ್ದರು. ನಕಲಿ. ಹೇಳಿದೆ. ಅವರು ಮುಖ ಗಂಟು ಹಾಕಿಕೊಂಡರು.

ಚಹಾ ಬಂತು, ನಮಗೆ ಸ್ಟೀಲ್ ಲೋಟದಲ್ಲಿ. ಅವರ ಹೊಲದಲ್ಲಿ ದುಡಿಯುವ ಮುದುಕ ಮಾತ್ರ ಹೊರಗೋಡೆಯ ಗೂಡಿನಿಂದ ತನ್ನ ಬಟ್ಟಲು ತೆಗೆದು ಕಟ್ಟೆಯ ಕೆಳಗೆ ನಿಂತ. ಮನೆಯ ಲೋಟ ಅವನು ಮುಟ್ಟುವಂತಿಲ್ಲ. ಒಡತಿ ಮೇಲಿನಿಂದ ಸುರಿದರು. ನನ್ನ ಮೈ ಉರಿಯಿತು, ಅಷ್ಟರಲ್ಲಿ ಬಟ್ಟಲಿನ ನೀಲಿ ಕಂಡಿತು.

ಅವನು ಕುಡಿದು ಮುಗಿಸುವವರೆಗೆ ಕಾದು, ಬಟ್ಟಲು ಕೇಳಿದೆ.

“ನನ್ನ ಎಂಜಲರಿ ಅಕ್ಕಾರ, ಬ್ಯಾಡ್ರಿ.”

ಇಸಿದುಕೊಂಡು ಬುಡ ತಿರುವಿದೆ. ಮರಳು ಇತ್ತು. “ಇದು ಅಸಲಿ ಐತಿ. ನಾನೂರು ವರ್ಷದ್ದಾದ್ರೂ ಇರಬೇಕು” ಎಂದೆ.

ಸಾಹುಕಾರರು ನನ್ನ ಕೈಯಿಂದ ಅದನ್ನು ಹೆಚ್ಚುಕಡಿಮೆ ಕಸಿದುಕೊಂಡರು. ಒಡತಿ ಅದನ್ನು ತೊಳೆದು, ವಿಭೂತಿ ಹಚ್ಚಿ ದೇವರ ಕೋಣೆಯಲ್ಲಿ ಇಟ್ಟರು. ಮುದುಕನ ಕೈಗೆ ಕಾಗದದ ಕಪ್ಪು ಬಂತು, ಇನ್ನು ಮುಂದೆ ಅದರಲ್ಲೇ ಚಹಾ ಅಂತೆ.

ನಾನು ಕೂಗಾಡಿಬಿಟ್ಟೆ. “ಕುಡಿದ ಬಾಯಿ ಬೀದ್ಯಾಗ, ಬಟ್ಟಲು ದೇವರ ಪಕ್ಕದಾಗ. ನಾಚಿಕಿ ಆಗಂಗಿಲ್ಲೇನ್ರಿ ನಿಮಗ?”

“ನಾನೂರು ವರ್ಷದ್ದು ಅಂತ ನೀವ ಅಂದ್ರಲ್ರಿ” ಎಂದರು ಸಾಹುಕಾರರು. “ಹಳೇದಕ್ಕ ಮರ್ಯಾದಿ ಕೊಡಬೇಕಲ್ರಿ.”

ಮುದುಕ ಕಾಗದದ ಕಪ್ಪನ್ನು ಕಟ್ಟೆಯ ಮೇಲಿಟ್ಟು ನನ್ನ ಕಡೆ ತಿರುಗಿದ.

“ನಾವೂ ಮುತ್ತಜ್ಜನ ಕಾಲದಿಂದ ಈ ಬಾಗಲದಾಗ ನಿಂತೀವ್ರಿ ಅಕ್ಕಾರ. ನನ್ನೂ ಒಮ್ಮಿ ಬುಡಮ್ಯಾಲ ಮಾಡಿ ನೋಡಿಬಿಡ್ರಿ. ನೀವು ಅಸಲಿ ಅಂದ್ರ, ನನ್ನೂ ಒಳಗ ಕರದಾರು.”