ವಾಣಕ್ಕೆ ಕೊಟ್ಟ ವೈಫೈ, ಮನೆಗೆ ಬಂದ ನೋಟಿಸು

ಪುಣೆಯ ನಮ್ಮ ಬಿಲ್ಡಿಂಗಿನಲ್ಲಿ ಏನು ಕೆಟ್ಟರೂ ಮೊದಲು ನನ್ನ ಹೆಸರೇ ಬರ್ತದೆ. ಲಿಫ್ಟ್ ನಿಂತರೂ ನಾನೇ, ಯಾರದೋ ಚಪ್ಪಲಿ ಅದಲುಬದಲಾದರೂ ನಾನೇ. ಹೆಚ್ಚಿನ ಸಲ ಅದು ಖರೇನೇ ಇರ್ತದೆ, ಅದಕ್ಕೆ ನಾನೂ ಬೇಜಾರು ಮಾಡ್ಕೊಳ್ಳೋದಿಲ್ಲ. ಆದರೆ ಈ ಸಲ ಏನು ನಡೀತು ಅನ್ನೋದು ನನಗೇ ತಿಳೀಲಿಲ್ಲ.

೧. ಓದೋ ಪಾಳಿ ನಂದು

ಒಂದು ಮಧ್ಯಾಹ್ನ ರಿಜಿಸ್ಟರ್ ಅಂಚೆಯಲ್ಲಿ ದಪ್ಪ ಲಕೋಟೆ ಬಂತು. ಮೇಲೆ ಅಪ್ಪನ ಹೆಸರು, ಒಳಗೆಲ್ಲ ಇಂಗ್ಲಿಷು. ಅಪ್ಪ ಹಡಪಸರದ ಕಾರ್ಖಾನೆಯಲ್ಲಿ ಸ್ಟೋರ್ ನೋಡ್ಕೊಳ್ತಾರೆ, ನಟ್ಟು ಬೋಲ್ಟಿನ ಆಚೆಗಿನ ಇಂಗ್ಲಿಷು ಅವರಿಗೆ ಬೇಕಾಗಿಲ್ಲ. ಖರಾಡಿಯ ಆಫೀಸಿನ ಕೆಲಸವನ್ನು ಮನೆಯಿಂದಲೇ ಮಾಡೋ ಅಕ್ಕ ಮೀಟಿಂಗಿನಲ್ಲಿದ್ದಳು. ಹಿಂಗಾಗಿ ಹತ್ತನೆಯ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದ ನನಗೇ ಓದೋ ಪಾಳಿ ಬಂತು.

ತಡವರಿಸಿ ಓದಿದ ಮೇಲೆ ತಿಳಿದದ್ದು ಇಷ್ಟು. ನಮ್ಮ ಮನೆ ಇಂಟರ್ನೆಟ್ಟಿನಿಂದ ಯಾರೋ ಒಂದು ಹೊಸ ಸಿನಿಮಾ ಕದ್ದು ಡೌನ್‌ಲೋಡ್ ಮಾಡಿದ್ದಾರೆ. ರೊಕ್ಕ ಕೊಟ್ಟು ರಾಜಿ ಆಗ್ರಿ, ಇಲ್ಲಾಂದ್ರೆ ಕೋರ್ಟಿಗೆ ಬರ್ರಿ ಅಂತ ಸಿನಿಮಾದವರ ವಕೀಲರು ಬರೆದಿದ್ದಾರೆ. ಎಷ್ಟು ರೊಕ್ಕ ಅಂತ ಕೇಳಿ ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. ಅಷ್ಟು ರೊಕ್ಕದಲ್ಲಿ ಇಡೀ ಬಿಲ್ಡಿಂಗನ್ನೇ ಥೇಟರಿಗೆ ಕರ್ಕೊಂಡು ಹೋಗಿ, ಇಂಟರ್ವಲ್ಲಿನಲ್ಲಿ ವಡಾಪಾವ್ ತಿನ್ನಿಸಬಹುದಿತ್ತಂತೆ.

ತಲೆ ಎತ್ತಿದರೆ ಅಪ್ಪ, ಅವ್ವ ಇಬ್ಬರೂ ನನ್ನನ್ನೇ ನೋಡ್ತಿದ್ದರು. ನಾನಲ್ಲ ಅಂದೆ. ತಪ್ಪು ಮಾಡಿದಾಗ ಮುಖ ಹೆಂಗಿಟ್ಕೋಬೇಕು ಅನ್ನೋದು ನನಗೆ ರೂಢಿ ಅದೆ. ಮಾಡದೇ ಇದ್ದಾಗ ಹೆಂಗಿಟ್ಕೋಬೇಕು ಅಂತ ತಿಳೀದೆ ಗಲಿಬಿಲಿಯಾಗಿ ನಕ್ಕುಬಿಟ್ಟೆ. ಅಲ್ಲಿಗೆ ಕೇಸು ಮುಗೀತು. ಫೋನು ಕಪಾಟಿಗೆ ಹೋಯ್ತು. ರವಿವಾರದ ತನಕ ಖರೇ ಕಳ್ಳ ಸಿಗದಿದ್ದರೆ ನಾನು ಕ್ಯಾಂಪ್ ಏರಿಯಾದಲ್ಲಿರೋ ಮಾವನ ಖಾನಾವಳಿಗೆ, ಮುಸುರಿ ತಿಕ್ಕಲಿಕ್ಕೆ. ದೇವರಾಣೆ ಹಾಕಿದೆ.

ಅವ್ವ ಅಂದಳು, "ಇಷ್ಟೊತ್ತು ಸ್ವಲ್ಪ ಸಂಶಯ ಇತ್ತು. ನೀ ಆಣೆ ಹಾಕಿದಿ, ಈಗ ಖಾತ್ರಿ ಆತು."

೨. ಎಳ್ಳುಂಡಿ ಜೊತೆ ಏನು ಕೊಟ್ಟಿದ್ದಳು

ಮೀಟಿಂಗ್ ಮುಗಿಸಿ ಬಂದ ಅಕ್ಕ ನೋಟಿಸು ಓದಿ ಒಂದೇ ಮಾತು ಕೇಳಿದಳು, ವೈಫೈ ಪಾಸ್‌ವರ್ಡ್ ಯಾರ‍್ಯಾರ ಹತ್ರ ಅದೆ? ಅವ್ವ ಎದ್ದು ಚಹಾಕ್ಕೆ ಇಡಲಿಕ್ಕೆ ಹೋದಳು. ಆಗಷ್ಟೇ ಎಲ್ಲರೂ ಚಹಾ ಕುಡಿದಿದ್ದೆವು.

ಸಂಕ್ರಾಂತಿಗೆ ಇಲ್ಲಿ ಹೆಂಗಸರನ್ನು ಅರಿಷಿಣ ಕುಂಕುಮಕ್ಕೆ ಕರೀತಾರೆ. ಎಳ್ಳುಂಡಿ ಜೊತೆ ಒಂದು ಸಣ್ಣ ಸಾಮಾನು ಕೊಡ್ತಾರೆ, ಅದೇ ವಾಣ. ಪ್ರತಿ ವರ್ಷ ಎಲ್ಲರೂ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕೊಟ್ಟು, ನಾವು ಕೊಟ್ಟ ಡಬ್ಬಿ ನಮಗೇ ತಿರುಗಿ ಬರ್ತಿತ್ತು. ಈ ಸಲ ಏನಾದರೂ ಬ್ಯಾರೆ ಕೊಡಬೇಕು ಅಂತ ಅವ್ವ ಚಂದದ ಚೀಟಿಗಳ ಮೇಲೆ ವೈಫೈ ಪಾಸ್‌ವರ್ಡ್ ಬರೆದು, ಮೂಲೆಗೆ ಕುಂಕುಮ ಹಚ್ಚಿ ಬಿಲ್ಡಿಂಗಿಗೆಲ್ಲ ಹಂಚಿದ್ದಳು. ಭಾಳ ಮಂದಿ ಹೊಗಳಿದ್ದರಂತೆ.

ಪಾಸ್‌ವರ್ಡ್ ಈಗಲೇ ಬದಲು ಮಾಡ್ತೀನಿ ಅಂತ ಅಕ್ಕ ಎದ್ದಳು. ಅವ್ವ ಅಡ್ಡ ನಿಂತಳು. "ಮುತ್ತೈದೇರಿಗೆ ಕೊಟ್ಟ ವಾಣ ವಾಪಸ್ ತಗೋತಾರೇನ? ಬುದ್ಧಿ ಅದ ಇಲ್ಲ ನಿನಗ?"

ಅಪ್ಪ ಅಂದರು, "ಡಬ್ಬೀನೇ ಕೊಡೂದಿತ್ತು. ಡಬ್ಬಿ ಸಿನಿಮಾ ನೋಡ್ತಿದ್ದಿಲ್ಲ."

೩. ಮನೆ ಮನೆ ತನಿಖೆ

ಕಳ್ಳನನ್ನು ಹುಡುಕಲಿಕ್ಕೆ ನಾನು, ಅವ್ವ ಹೊರಟೆವು. ಅವ್ವನ ಷರತ್ತು ಒಂದೇ. ಕುಂಕುಮ ಹಚ್ಚಿಸಿಕೊಂಡು ಹೋದವರನ್ನು ನೀವು ಕದ್ದೀರೇನ್ರಿ ಅಂತ ನೇರ ಕೇಳೋಹಂಗಿಲ್ಲ, ಸುತ್ತು ಹಾಕಿ ಕೇಳಬೇಕು. ಹಂಗಾಗಿ ಅವ್ವ ಪ್ರತಿ ಬಾಗಿಲಲ್ಲೂ ಮೊದಲು ಮೊಣಕಾಲು ನೋವಿನ ಸುದ್ದಿ ತೆಗೆದು, ಅಲ್ಲಿಂದ ಹೆಂಗೋ ಆ ಸಿನಿಮಾದ ಹೆಸರಿಗೆ ಬರ್ತಿದ್ದಳು.

ಎರಡನೇ ಮಾಳಿಗೆಯಲ್ಲಿ ನಾವು ಕಾಕೂ ಅನ್ನೋ ಮರಾಠಿ ಹೆಂಗಸು ಸಿನಿಮಾ ಗೊತ್ತಿಲ್ಲ ಅಂದರು. ಆದರೆ ನಿಮ್ಮ ನೆಟ್ಟು ಊಟದ ಹೊತ್ತಿಗೆ ಭಾಳ ನಿಧಾನ, ಯಾರಿಗಾದರೂ ತೋರಿಸ್ರಿ ಅಂತ ಮರಾಠಿಯಲ್ಲಿ ನಮಗೇ ಬೈದರು. ಮೂರನೇ ಮಾಳಿಗೆಯ ಅಜ್ಜಿ ಸಿನಿಮಾದ ಹೆಸರು ಎರಡು ಸಲ ಕೇಳಿಕೊಂಡು, ಇಷ್ಟು ದೂರ ಬಂದು ಹೇಳ್ತೀರಂದ್ರ ಚಲೋನೇ ಇರಬೇಕು ಅಂದರು.

ಸಂಜೆಗೆ ಅಕ್ಕನ ಮೀಟಿಂಗಿನಲ್ಲಿ ಸ್ಕ್ರೀನಿನ ಮೇಲೆ ಸಾಹೇಬರ ಮುಖ ಬಾಯಿ ತೆರೆದಲ್ಲೇ ನಿಂತುಬಿಟ್ಟಿತು. ಇಡೀ ಬಿಲ್ಡಿಂಗು ನಮ್ಮ ನೆಟ್ಟಿನಲ್ಲೇ ಆ ಸಿನಿಮಾ ಹುಡುಕ್ತಿತ್ತು.

೪. ವಕೀಲರ ಉತ್ತರ

ಶನಿವಾರ ಅಪ್ಪ ನೋಟಿಸು ಒಂದು ಕೈಯಲ್ಲಿ, ನನ್ನ ಕಿವಿ ಇನ್ನೊಂದು ಕೈಯಲ್ಲಿ ಹಿಡಿದು ಗ್ರೌಂಡ್ ಫ್ಲೋರಿನ ವಕೀಲ ಕಾಕಾನ ಮನೆಗೆ ನಡೆದರು. ಕಾಕಾ ಬೆಳಗಾವಿಯವರು, ಕೋರ್ಟಿಗೆ ಹೋಗಿ ಬರೋ ಮನುಷ್ಯರು. ನೋಟಿಸು ಓದಿ, ಅಂಜಬ್ಯಾಡ್ರಿ ಅಂದರು. ಕನೆಕ್ಷನ್ ನಿಮ್ಮ ಹೆಸರಲ್ಲಿ ಇದ್ದ ಮಾತ್ರಕ್ಕೆ ನೀವೇ ಕದ್ದಿರಿ ಅಂತ ಆಗೋದಿಲ್ಲ, ಹಂಗಂತ ಕಾಗದ ಮೂಲೆಗೆ ಒಗೆದು ಸುಮ್ಮನೆ ಕೂಡಬಾರದು, ಒಪ್ಪಿಕೊಳ್ಳೋದೂ ಬ್ಯಾಡ, ರೊಕ್ಕ ಕೊಡೋದೂ ಬ್ಯಾಡ, ಎರಡು ಸಾಲು ಉತ್ತರ ಬರೆಯೋಣ ಅಂತ ಪೆನ್ನು ತೆಗೆದರು.

ಅಪ್ಪನಿಗೆ ಸಮಾಧಾನ ಆಗಲಿಲ್ಲ. "ಮನ್ಯಾಗ ಯಾರೂ ನೋಡಿಲ್ಲ ಅಂತ ಹೆಂಗ ಬರೀಲ್ರೀ? ಈ ಮಗ ನೋಡಿದ್ರ? ಸುಳ್ಳಾಗತದಲ್ಲ."

ವಕೀಲ ಕಾಕಾ ನನ್ನ ಕಡೆ ತಿರುಗಿ, ಖರೇ ಹೇಳು, ನೋಡೀಯೇನ ಅಂತ ಕೇಳಿದರು. ಇಲ್ರೀ ಕಾಕಾ, ಅದರ ಕಥೀನೂ ಗೊತ್ತಿಲ್ಲ ಅಂದೆ. ಈ ಸಲ ನಗಲಿಲ್ಲ, ಅಳು ಬಂದಿತ್ತು.

"ಕಥಿ ಏನ್ ಅದನೋ ಅದರಾಗ, ಮಣ್ಣು," ಅಂದರು ಕಾಕಾ, ಬರೀತಾ ಬರೀತಾ. "ಇಂಟರ್ವಲ್ ತನಕ ಛಲೋ ಅದ. ಆಮ್ಯಾಲ ಬರೇ ನಿದ್ದಿ."

ಪೆನ್ನು ನಿಂತಿತು. ಅವರ ಟಿವಿಯ ಮೇಲೆ ಮೂಲೆಗೆ ಕುಂಕುಮ ಹಚ್ಚಿದ ನಮ್ಮ ಚೀಟಿ ಅಂಟಿತ್ತು. ಅಪ್ಪ ನನ್ನ ಕಿವಿ ಬಿಟ್ಟರು. ಒಳಗಿನಿಂದ ಚಹಾ ತರ್ತಿದ್ದ ಕಾಕಾನ ಹೆಂಡತಿ ಬಾಗಿಲಲ್ಲಿ ನಮ್ಮ ಮೂರೂ ಮುಖ ನೋಡಿ, ಟ್ರೇ ಸಮೇತ ಹಂಗೇ ಹಿಂದಕ್ಕೆ ಹೋದರು.

ಕಾಕಾ ಕನ್ನಡಕ ಒರೆಸಿ ಹಾಕಿಕೊಂಡು ಅಪ್ಪನ ಕಡೆ ಬಾಗಿದರು.

"ಯಜಮಾನ್ರ, ನಿಮ್ಮ ಮನ್ಯಾಗ ಯಾರೂ ನೋಡಿಲ್ಲ ಅಂತ ಧೈರ್ಯಲೆ ಬರೀರಿ. ಬೇಕಾದ್ರ ಕೋರ್ಟಿನಾಗ ನಾನೇ ಎದಿ ಮುಟ್ಟಿ ಹೇಳ್ತೀನಿ. ನನಗಿಂತ ಛಲೋ ಸಾಕ್ಷಿ ನಿಮಗ ಇಡೀ ಪುಣೇದಾಗ ಸಿಗೂದಿಲ್ಲ."