ಪಂಕಜಾಕ್ಷಮ್ಮನವರ ಭಕ್ತ ಚಪ್ಪಲಿ

"ಪಂಕಜಾ, ಹೆದರಬೇಡ. ಹಾಗೇ ದೇವರ ಮನೆ ಕಡೆಗೆ ನಡ್ಕೊಂಡು ಬಾ!"

"ಚಪ್ಪಲಿ ಹಾಕ್ಕೊಂಡಾ? ನಿಮಗೇನು ತಲೆ ಕೆಟ್ಟಿದ್ಯಾ?"

"ಅದೇ ಕಣೇ ಪವಾಡ! ಬಾ ಅಂದ್ರೆ ಬಾ!"

ನಡುಮನೆಯಲ್ಲಿ ಹೊಸ ಚಪ್ಪಲಿ ತೊಟ್ಟು ನಿಂತಿದ್ದ ಪಂಕಜಾಕ್ಷಮ್ಮ ತಪ್ಪಾಯಿತೆಂದು ಗಲ್ಲ ಬಡಿದುಕೊಂಡು ಹೆಜ್ಜೆ ಇಟ್ಟರು. ಹೊಸ್ತಿಲು ಇನ್ನೂ ಮಾರು ದೂರವಿರುವಾಗಲೇ ಕಾಲ ಬಳಿ 'ಟಕ್ ಟಕ್' ಎಂದು ಸದ್ದಾಯಿತು. ಪಟ್ಟಿಗಳೆಲ್ಲ ತಾವಾಗಿಯೇ ಬಿಚ್ಚಿಕೊಂಡವು. ಚಪ್ಪಲಿ ಅಲ್ಲೇ ಉಳಿಯಿತು, ಪಂಕಜಾಕ್ಷಮ್ಮ ಮಾತ್ರ ಮುಂದಕ್ಕೆ ಹೋಗಿ ದೇವರ ಮುಂದಿನ ದೀಪದ ಕಂಬವನ್ನು ತಬ್ಬಿಕೊಂಡರು.

"ನೋಡಿದ್ಯಾ!" ತ್ರಿಯಂಬಕಯ್ಯನವರು ಚಪ್ಪಾಳೆ ತಟ್ಟಿ ಕುಣಿದರು. "ಬಗ್ಗೋದೂ ಬೇಡ, ಬಿಚ್ಚೋದೂ ಬೇಡ! ದೇವರು ಕಂಡ್ರೆ ತಾನೇ ಬಿಡುತ್ತೆ!"

ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದ ಮೇಲೆ ಈ ಮಹಾನುಭಾವರು ಮನೆಯ ಯಾವ ವಸ್ತುವನ್ನೂ ಅದರ ಪಾಡಿಗೆ ಬಿಟ್ಟವರಲ್ಲ. ಈ ಸಲ ಸಿಕ್ಕಿದ್ದು ಹೆಂಡತಿಯ ಚಪ್ಪಲಿ. ತಪ್ಪು ಪಂಕಜಾಕ್ಷಮ್ಮನವರದೂ ಸ್ವಲ್ಪ ಇತ್ತೆನ್ನಿ. ಭಾರ್ಗವಿ ಮೇಡಂ ಅವರ ಮಹಿಳಾ ಚಾರಣ ಬಳಗ ಸೇರಿ ಅವರು ಎರಡು ಸಲ ಕೊಕ್ಕರೆಕಲ್ಲು ಬೆಟ್ಟ ಹತ್ತಲು ಹೋಗಿ ಎರಡು ಸಲವೂ ಅರ್ಧಕ್ಕೆ ಕೂತಿದ್ದರು. ಮೊದಲ ಸಲ ಭಾರದ ಬೂಟು ಹಾಕಿ ಹೆಬ್ಬೆರಳ ಉಗುರು ಕಪ್ಪಾಯಿತು. ಎರಡನೇ ಸಲ ಹವಾಯಿ ಚಪ್ಪಲಿ ಜಾರಿ ಸೊಂಟ ಉಳುಕಿತು. ಮೇ ತಿಂಗಳಲ್ಲಿ ಬಳಗ ಹಿಮಾಲಯಕ್ಕೆ ಹೊರಟಿದೆ. ಈ ಬೆಟ್ಟದ ತುದಿ ಮುಟ್ಟದವರಿಗೆ ಅಲ್ಲಿ ಜಾಗವಿಲ್ಲವೆಂದು ಮೇಡಂ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಪಂಕಜಾಕ್ಷಮ್ಮನವರಿಗೋ, ಒಮ್ಮೆಯಾದರೂ ಹಿಮವನ್ನು ಕೈಯಲ್ಲಿ ಹಿಡಿದು ನೋಡಬೇಕೆಂಬ ಹಂಬಲ.

ಅದಕ್ಕೇ ಈ ಸಲ ಅಂಗಡಿಯಲ್ಲಿ ಅರ್ಧ ದಿನ ಕೂತು ಚಪ್ಪಲಿ ಆರಿಸಿದ್ದರು. ಒಂದೊಂದನ್ನೂ ಬೆರಳಿಗೆ ನೇತುಹಾಕಿ ತೂಕ ನೋಡಿದರು, ತಳವನ್ನು ಉಗುರಿನಿಂದ ಕೆರೆದು ಹಿಡಿತ ನೋಡಿದರು, ಅಂಗಡಿಯ ಮೆಟ್ಟಿಲನ್ನು ಹತ್ತಿಳಿದು ಹಿಮ್ಮಡಿ ಅಲುಗದಿರುವುದನ್ನು ಖಾತ್ರಿ ಮಾಡಿಕೊಂಡರು. ಕೊನೆಗೆ ಹಪ್ಪಳದಷ್ಟು ಹಗುರವಾದ, ಬೆರಳಿಗೊಂದು, ಪಾದಕ್ಕೊಂದು, ಹಿಮ್ಮಡಿಗೊಂದು ಪಟ್ಟಿ ಇದ್ದ ಜೋಡಿ ಸಿಕ್ಕಿತು. ಸುಖವಾಗಿ ಮನೆಗೆ ಬಂದವರು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. "ಚೆನ್ನಾಗಿದೆ, ಆದ್ರೆ ಇಷ್ಟೊಂದು ಪಟ್ಟಿ! ದೇವಸ್ಥಾನದ ಮುಂದೆ ಬಿಚ್ಚೋದೇ ಕಷ್ಟ" ಎಂದುಬಿಟ್ಟರು.

ಅಷ್ಟು ಸಾಕಾಯಿತು. ಬೆಳಗಾಗುವುದರೊಳಗೆ ಪಟ್ಟಿಗಳಿಗೆ ಪುಟ್ಟ ಮೋಟಾರು, ತುದಿಗೆ ಸಾಸಿವೆ ಗಾತ್ರದ ಕ್ಯಾಮೆರಾ ಬಂದು ಕೂತಿದ್ದವು. ದೇವರು ಅಂದರೆ ಏನೆಂದು ಕಲಿಸಲು ತ್ರಿಯಂಬಕಯ್ಯನವರು ಅದಕ್ಕೆ ರಾಶಿ ರಾಶಿ ಫೋಟೊ ತೋರಿಸಿದ್ದರು. ಅದೂ ಕಲಿತಿತ್ತು. ಅರಿಶಿನದ ಮೇಲೆ ಕುಂಕುಮ ಕಂಡರೆ ದೇವರು, ಅಷ್ಟೇ!

ಭಾನುವಾರ ಮನೆ ಮುಂದೆ ಆಟೊ ನಿಂತಿತು. ಅದರ ಮುಂಭಾಗಕ್ಕೆ ಹಳದಿ ಕೆಂಪು ಬಾವುಟ ಕಟ್ಟಿತ್ತು. 'ಟಕ್ ಟಕ್!' ಪಂಕಜಾಕ್ಷಮ್ಮ ಆಟೊ ಒಳಗೆ, ಚಪ್ಪಲಿ ರಸ್ತೆಯ ಮೇಲೆ.

"ಇದೇನ್ರೀ ಇದು!"

"ಕನ್ನಡಾಂಬೆ ದೇವರಲ್ವೇನೇ? ಸರಿಯಾಗೇ ಇದೆ!" ಎಂದರು ತ್ರಿಯಂಬಕಯ್ಯನವರು. ಪರೀಕ್ಷೆ ಕಣ್ಣಾರೆ ನೋಡಬೇಕೆಂದು ಅವರೂ ಬೂಟು ತೊಟ್ಟು ಹೊರಟಿದ್ದರು.

ಬೆಟ್ಟದ ಬುಡದಲ್ಲಿ ಭಾರ್ಗವಿ ಮೇಡಂ ಕಾದಿದ್ದರು. ಹಳೆಯ ಡ್ರಿಲ್ ಟೀಚರು, ಮುಖದ ತುಂಬ ಅರಿಶಿನ, ಹಣೆಯಲ್ಲಿ ರೂಪಾಯಿ ಅಗಲದ ಕುಂಕುಮ. ಪಂಕಜಾಕ್ಷಮ್ಮ ಎದುರಿಗೆ ಬಂದದ್ದೇ ತಡ, ಚಪ್ಪಲಿ ಬಿಚ್ಚಿಕೊಂಡಿತು. ಮುಗ್ಗರಿಸಿದ ಪಂಕಜಾಕ್ಷಮ್ಮ ನೇರವಾಗಿ ಮೇಡಂ ಪಾದದ ಬಳಿ ಕುಕ್ಕರಿಸಿದರು.

"ಅಯ್ಯಯ್ಯೋ, ಏಳಿ ಏಳಿ! ನನಗ್ಯಾಕ್ರೀ ಇಷ್ಟೊಂದು ಮರ್ಯಾದೆ!" ಮೇಡಂ ನಾಚಿ ನೀರಾದರು. ಆದರೂ ಕೆಲಸದಲ್ಲಿ ಬಿಡುವ ಹೆಂಗಸಲ್ಲ. "ನಮಸ್ಕಾರ ಸರಿ, ತುದಿ ಮುಟ್ಟಲೇಬೇಕು. ಗೊತ್ತಲ್ಲ?" ಎಂದು ಸೀಟಿ ಊದಿದರು.

ಹತ್ತಲು ಶುರು ಮಾಡಿದ ಮೇಲೆ ನಿಜವಾದ ಗ್ರಹಚಾರ ವಕ್ಕರಿಸಿತು. ಯಾರೋ ಪುಣ್ಯಾತ್ಮರು ದಾರಿ ತಪ್ಪದಿರಲೆಂದು ಬಂಡೆಬಂಡೆಗೂ ಹಳದಿ ಬಳಿದು, ಅದರ ಮೇಲೆ ಕೆಂಪು ಬಾಣ ಬರೆದಿದ್ದರು! ಎಂಟು ಹೆಜ್ಜೆಗೊಂದು ಬಾಣ, ಬಾಣಕ್ಕೊಂದು 'ಟಕ್ ಟಕ್'. ಪಂಕಜಾಕ್ಷಮ್ಮ ಬಗ್ಗಿ ಹಾಕಿಕೊಳ್ಳುವುದು, ಅದು ಬಿಚ್ಚಿಕೊಳ್ಳುವುದು. ವೇಲಿನಿಂದ ಬಿಗಿದು ಕಟ್ಟಿದರು. ಮೋಟಾರು ಗುರ್ ಎಂದು ವೇಲನ್ನೇ ಹರಿಯಿತು.

"ಆ ಯಂತ್ರ ಆಫ್ ಮಾಡ್ರೀ!"

"ಆಫ್ ಮಾಡೋ ಬಟನ್ ಯಾಕೆ ಇಡ್ಲಿ? ಭಕ್ತಿಗೆ ರಜೆ ಇರುತ್ತಾ?"

"ನಿಮ್ಮ ಭಕ್ತಿಗಿಷ್ಟು! ಒಂದು ಜೊತೆ ಚಪ್ಪಲಿ ನೆಟ್ಟಗೆ ಆರಿಸಿ ತಂದಿದ್ದೆ, ಅದನ್ನೂ ಹಾಳು ಮಾಡಿದ್ರಲ್ಲ!"

ಅರ್ಧ ಬೆಟ್ಟದಲ್ಲಿ ದೊಡ್ಡದೊಂದು ಬೋಳು ಬಂಡೆ. ಅದಕ್ಕೂ ಬಾಣ. ಅಲ್ಲಿ ಮೋಟಾರು ಕೆಟ್ಟಿತು. ಬಿಚ್ಚಿಕೊಂಡ ಪಟ್ಟಿ ತಾನೇ ಸಡಿಲವಾಗಿ ಮುಚ್ಚಿಕೊಳ್ಳುತ್ತಿತ್ತು, ಏನು ಮಾಡಿದರೂ ಕಾಲಿಗೆ ಬಿಗಿಯಲಿಲ್ಲ. ಬಳಗದವರು ಆಗಲೇ ಮೇಲೆ ಮರೆಯಾಗಿದ್ದರು. ಅಲ್ಲಿಂದ ಮೇಡಂ ದನಿ ಕೇಳಿಸಿತು. "ಪಂಕಜಾಕ್ಷಮ್ಮಾ, ಆಗ್ದಿದ್ರೆ ಅಲ್ಲೇ ಕೂತಿರಿ! ಇಳಿಯೋವಾಗ ಕರ್ಕೊಂಡು ಹೋಗ್ತೀವಿ!"

ಹಿಂದಿನ ಎರಡು ಸಲವೂ ಕೇಳಿದ್ದು ಇದೇ ಮಾತು. ಪಂಕಜಾಕ್ಷಮ್ಮನವರಿಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ರೋಷ ಬಂತು. ಚಪ್ಪಲಿಯನ್ನು ಬಂಡೆಯ ಮುಂದೆ ಜೋಡಿಸಿ ಇಟ್ಟರು. ಎಷ್ಟು ಕೋಪ ಬಂದರೂ ಚಪ್ಪಲಿಯನ್ನು ಅಡ್ಡಾದಿಡ್ಡಿ ಬಿಟ್ಟು ಅಭ್ಯಾಸವಿಲ್ಲ.

"ನೀವೂ ನಿಮ್ಮ ಚಪ್ಪಲೀನೂ ಇಲ್ಲೇ ಇರಿ" ಎಂದವರೇ ಬರಿಗಾಲಲ್ಲಿ ಹೊರಟರು.

ಕಲ್ಲು ಕಾದಿತ್ತು, ಮುಳ್ಳು ಚುಚ್ಚಿತು. ಆದರೆ ಬರಿಯ ಪಾದ ಬಂಡೆಯನ್ನು ಹಲ್ಲಿಯ ಹಾಗೆ ಕಚ್ಚಿ ಹಿಡಿಯಿತು. ಏದುಸಿರು ಬಿಡುತ್ತ ತುದಿಯ ಕಲ್ಲನ್ನು ಮುಟ್ಟಿದಾಗ ಸುತ್ತಲೂ ಗಾಳಿ, ಕೆಳಗೆ ಬೆಂಕಿಪೆಟ್ಟಿಗೆಯಂಥ ಮನೆಗಳು. ಪಂಕಜಾಕ್ಷಮ್ಮ ಯಾರಿಗೂ ನಾಚದೆ ಜೋರಾಗಿ ಅತ್ತುಬಿಟ್ಟರು. ಇಷ್ಟು ಸಂತೋಷವಾಗಿ ಅವರು ಅತ್ತು ವರ್ಷಗಳೇ ಆಗಿದ್ದವು. ಭಾರ್ಗವಿ ಮೇಡಂ ಬೆನ್ನು ತಟ್ಟಿ, "ಮೇ ತಿಂಗಳಿಗೆ ಸ್ವೆಟರ್ ಹೊಂದಿಸ್ಕೊಳ್ಳಿ" ಎಂದರು.

ಇಳಿದು ಬಂದರೆ ಬೋಳು ಬಂಡೆಯ ಮುಂದೆ ಜಾತ್ರೆಯಷ್ಟು ಜನ! ಬೂಟು, ಚಪ್ಪಲಿಗಳ ಸಾಲು. ಊದುಬತ್ತಿಯ ಹೊಗೆ. ಬಂಡೆಗೆ ಮಲ್ಲಿಗೆ ದಂಡೆ. ಗುಂಪಿನ ಆಚೆ ತ್ರಿಯಂಬಕಯ್ಯನವರು ಪೆಚ್ಚುಮೋರೆ ಹಾಕಿ ನಿಂತಿದ್ದರು.

"ಏನ್ರೀ ಇದೆಲ್ಲ?"

"ನಾನು ಆ ಮರದ ನೆರಳಲ್ಲಿ ಸ್ವಲ್ಪ ಕಣ್ಣು ಮುಚ್ಚಿದ್ದೆ ಕಣೇ. ಯಾರೋ ಬಂದೋರು ಬಂಡೆ ಮುಂದೆ ಚಪ್ಪಲಿ ಬಿಟ್ಟಿರೋದು ನೋಡಿ, ಇಲ್ಲಿ ದೇವರಿರಬೇಕು ಅಂತ ತಾವೂ ಬಿಟ್ರು. ಅವರನ್ನ ನೋಡಿ ಇನ್ನೊಬ್ರು. ಕಣ್ಣು ಬಿಡೋ ಹೊತ್ತಿಗೆ ಮಂಗಳಾರತಿ ಆಗಿತ್ತು!" ಎಂದವರೇ ದನಿ ತಗ್ಗಿಸಿ ಎದೆ ಉಬ್ಬಿಸಿದರು. "ಆದ್ರೆ ಒಂದು ಒಪ್ಕೋ. ನನ್ನ ಯಂತ್ರ ದೇವರು ಅಂದಿತ್ತು. ಈಗ ದೇವರೇ!"

ಪಂಕಜಾಕ್ಷಮ್ಮ ಚಪ್ಪಲಿ ಎತ್ತಿಕೊಳ್ಳಲು ಬಗ್ಗಿದರು. ಅದಕ್ಕೂ ಯಾರೋ ಅರಿಶಿನ ಬಳಿದು ಕುಂಕುಮ ಇಟ್ಟು ಎದುರುಬದುರು ಕೂರಿಸಿದ್ದರು! ಎಡದ ಚಪ್ಪಲಿ ಬಲದ್ದನ್ನು ನೋಡಿ 'ಟಕ್' ಎಂದು ಪಟ್ಟಿ ಬಿಚ್ಚುತ್ತಿತ್ತು, ಬಲದ್ದು ಎಡದ್ದನ್ನು ನೋಡಿ 'ಟಕ್' ಎನ್ನುತ್ತಿತ್ತು. ಮುಚ್ಚಿ ಬಿಚ್ಚಿ, ಮುಚ್ಚಿ ಬಿಚ್ಚಿ, ಎರಡೂ ಒಂದಕ್ಕೊಂದು ಎಡೆಬಿಡದೆ ಕೈ ಮುಗಿಯುತ್ತಿದ್ದವು. ಜನ ಮೈಮರೆತು ನೋಡುತ್ತಿದ್ದರು.

"ಅಮ್ಮಾ, ಮುಟ್ಟಬೇಡಿ!" ತಟ್ಟೆ ಹಿಡಿದ ಹೆಂಗಸೊಬ್ಬಳು ಗದರಿದಳು. "ಜೀವ ಇರೋ ಪಾದುಕೆ ಅದು!"

ನನ್ನದೇ ಎನ್ನಲು ಪಂಕಜಾಕ್ಷಮ್ಮ ಬಾಯಿ ತೆರೆದರು. ಆ ತಟ್ಟೆಯಲ್ಲಿ ಇನ್ನೂ ಬೇಕಾದಷ್ಟು ಅರಿಶಿನ ಇರುವುದು ಕಂಡು, ಪಾದುಕೆಯ ಒಡತಿಯೆಂದು ತಮಗೂ ಬಳಿದಾರೆಂದು ಹಾಗೇ ಮುಚ್ಚಿದರು. ಕೈ ಮುಗಿದು, ಪ್ರಸಾದದ ಬಾಳೆಹಣ್ಣು ಇಸಿದುಕೊಂಡು ಗಂಡನ ಬಳಿ ಬಂದರು.

"ರೀ, ಬೂಟು ಬಿಚ್ಚಿ."

ತ್ರಿಯಂಬಕಯ್ಯನವರ ಮುಖ ಅರಳಿತು. "ಅಂದ್ರೆ, ದೇವರು ಅಂತ ಕೊನೆಗೂ ಒಪ್ಕೊಂಡೆ!"

"ಅಲ್ಲ, ನಾನು ಹಾಕ್ಕೊಂಡು ಇಳೀಬೇಕು."